ಒಂದೇ ಕೊಂಬೆಯ ಎರಡು ಮಾವಿನಕಾಯಿ

ಯಲ್ದೂರು ಹೋಬಳಿ
ಜುಲೈ 1978

ಕಗ್ಗಂಟಾದ ಕೇಸುಗಳನ್ನು ಕೂತಲ್ಲೇ ಬಿಡಿಸುವ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ, ನಾಲ್ಕನೇ ಕ್ಲಾಸನ್ನು ಎರಡು ಸಲ ಓದಿಯೂ ಮುಗಿಸಲಾಗದ ದೊಡ್ಡಮುನಿಯಪ್ಪ ಅಡ್ಡಬಿದ್ದು ಬರೆದುಕೊಳ್ಳುವುದು.

ಮಾನ್ಯರೇ, ತಾವು, ತಮ್ಮ ಮನೆಯವರು, ತಮ್ಮ ಜೀಪು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ರಸ್ತೆ ಪಕ್ಕದ ನನ್ನ ಒಂದೇ ಮಾವಿನ ಮರವನ್ನು ಸೋಮವಾರದೊಳಗೆ ಕಡಿದು, ಸಾಕ್ಷಿಗಾಗಿ ಬುಡಸಮೇತ ಸ್ಟೇಷನ್ನಿಗೆ ತರಬೇಕೆಂದು ತಾವು ಅಪ್ಪಣೆ ಮಾಡಿದ ಲಾಗಾಯ್ತಿನಿಂದ ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ. ಅದು ನಮ್ಮವ್ವ ಮುನಿಗಂಗಮ್ಮ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರ.

ತಮ್ಮ ನಿಷ್ಪಕ್ಷಪಾತವನ್ನು ನಾನು ಸಂತೆಯಲ್ಲೆಲ್ಲ ಹೊಗಳುತ್ತೇನೆ. ಕರೆಂಟು ಬಂದ ಮೇಲೂ ಸ್ಟೇಷನ್ನಿನಲ್ಲಿ ಹಗಲೇ ಲಾಟೀನು ಉರಿಸುವುದು ಕಣ್ಣಿನ ದೋಷಕ್ಕೇ ಹೊರತು ಅದು ಕದಿರೇಶಪ್ಪನವರ ಪಕ್ಷದ ಗುರುತೆಂದಲ್ಲ, ಸುಣ್ಣ ಹೊಡೆಯುವವರು ತಂದ ಏಣಿಯನ್ನು ಗೇಟಿನಾಚೆ ನಿಲ್ಲಿಸಿದ್ದು ಅದು ಕೋದಂಡರಾಮಪ್ಪನವರ ಪಕ್ಷದ ಗುರುತೆಂದೂ ಅಲ್ಲ ಎಂದು ನಾನೇ ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಅವರು ಯಾಕೋ ನಗುತ್ತಾರೆ.

ಆದದ್ದಿಷ್ಟೇ. ಎರಡೂ ಪಕ್ಷದವರು ನನ್ನ ಮರದ ನೆರಳಲ್ಲೇ ಭಾಷಣ ಮಾಡುವುದು ವಾಡಿಕೆ. ಮೇ ತಿಂಗಳ ಮೊದಲ ವಾರ ಏಣಿಯ ಕೋದಂಡರಾಮಪ್ಪನವರ ತಲೆ ಮೇಲೆ ಒಂದು ಕಾಯಿ ಬಿತ್ತು. ತಾವು ದಯಮಾಡಿಸಿ, ಮಹಜರಿನಲ್ಲಿ 'ದೈವಸಂಕಲ್ಪ, ಪ್ರಸಾದ' ಎಂದು ಬರೆಸಿ, ಆ ಪ್ರಸಾದಕ್ಕೆ ಉಪ್ಪು ಖಾರ ಹಚ್ಚಿ ತಿಂದು ಹೋದಿರಿ. ಮುಂದಿನ ವಾರ ಅದೇ ಕೊಂಬೆಯಿಂದ ಲಾಟೀನಿನ ಕದಿರೇಶಪ್ಪನವರ ತಲೆ ಮೇಲೆ ಅದರ ತಮ್ಮನಂಥ ಕಾಯಿ ಬಿತ್ತು. ಅದು ಕೊಲೆ ಯತ್ನವಾಯಿತು. ಕೊಂಬೆ ಪಡುವಣಕ್ಕೆ ಚಾಚಿದೆ, ಕೋದಂಡರಾಮಪ್ಪನವರ ಮನೆಯೂ ಪಡುವಣಕ್ಕಿದೆ, ಆದ್ದರಿಂದ ಅವರದೇ ಕುಮ್ಮಕ್ಕು ಎಂದು ತಾವು ಟೇಪು ಹಿಡಿದು ಅಳೆದು ಬರೆಸಿದಾಗ ನಮ್ಮವ್ವ, "ಸಾಮಿ, ಸೂರ್ಯಾನೂ ದಿನಾ ಆ ಕಡೇಕೇ ಹೋಗ್ತಾನೆ, ಅವನ್ನೂ ಹಿಡ್ಕೊಂಡ್ ಬರ್ತೀರಾ?" ಎಂದಳು. ವಯಸ್ಸಾದವಳು, ಮನ್ನಿಸಬೇಕು. ಆದರೆ ತಾವು ಸೂರ್ಯನ ಹೆಸರನ್ನೂ ಬರೆದುಕೊಂಡಿರಿ. ಅಂದಿನಿಂದ ಅವನು ಹುಟ್ಟುತ್ತಾನೋ ಇಲ್ಲವೋ ಎಂಬ ಭಯಕ್ಕೆ ನಾನು ಕೋಳಿಗಿಂತ ಮುಂಚೆ ಎದ್ದು ಕೂರುತ್ತಿದ್ದೇನೆ.

ಕೊಡಲಿ ಹಾಕಿಸುವ ಮುನ್ನ ಎರಡರಲ್ಲಿ ಒಂದು ಉಪಕಾರ ಮಾಡಬೇಕು. ಕಾಯಿ ಉದುರಿಸಿದ ಗಾಳಿಗೆ ಸಮನ್ಸ್ ಕಳಿಸಿ ಹೇಳಿಕೆ ತೆಗೆದುಕೊಳ್ಳಿ. ಆಂಧ್ರದ ಕಡೆಯಿಂದ ಬಂದದ್ದಾದರೆ ತೆಲುಗಿನಲ್ಲಿ ಕೇಳಿ, ಪಾಪ, ಗಾಬರಿಯಾದೀತು. ಇಲ್ಲವೇ ಬರುವ ಮಾವಿನ ಸುಗ್ಗಿಯಲ್ಲಿ ತಾವೇ ಟೋಪಿ ತೆಗೆದಿಟ್ಟು ಆ ಕೊಂಬೆಯ ಕೆಳಗೆ ಒಂದು ದಿನ ಕೂರಬೇಕು. ಬಿದ್ದ ಕಾಯಿ ಯಾವ ಪಕ್ಷದ್ದೆಂದು ತಲೆಯೇ ಹೇಳುತ್ತದೆ.

ಪತ್ರ ಬರೆದದ್ದಕ್ಕೂ ಕೇಸಾಗುತ್ತದೆಯೇ ಎಂಬುದನ್ನು ಮಾತ್ರ ಮುಂಚಿತವಾಗಿ ತಿಳಿಸಿದರೆ, ಬುತ್ತಿ ಕಟ್ಟಿಕೊಂಡೇ ಬರುತ್ತೇನೆ.

ಮರ ನಿಂತಿರುವ ತನಕ ತಮ್ಮ ವಿಶ್ವಾಸಿ,
ದೊಡ್ಡಮುನಿಯಪ್ಪ

ಮರೆತ ಮಾತು: ತಾವು ಅರಗಿನ ಮುದ್ರೆ ಒತ್ತಿ, ಕೆಡಬಾರದೆಂದು ಹುಲ್ಲಿನಲ್ಲಿಟ್ಟಿದ್ದ ಎರಡನೇ ಸಾಕ್ಷಿಕಾಯಿ ಹಣ್ಣಾಗಿ, ಯಾರ ಹೊಟ್ಟೆಗೋ ಹೋಗಿದೆಯಂತೆ. ಅದರ ಓಟೆ ಸ್ಟೇಷನ್ನಿನ ಹಿತ್ತಲಲ್ಲಿ, ತಾವು ಕುರ್ಚಿ ಹಾಕಿಕೊಳ್ಳುವ ಜಾಗದಲ್ಲೇ ಮೊಳಕೆ ಬಿಟ್ಟಿದೆ. ಅದು ಕಾಯಿ ಬಿಡುವ ಹೊತ್ತಿಗೆ ಸರ್ಕಾರ ಯಾರದಿರುತ್ತದೋ, ಕೆಳಗೆ ಯಾರ ತಲೆ ಇರುತ್ತದೋ. ನಮ್ಮವ್ವ ದಿನಾ ಒಂದು ಬಿಂದಿಗೆ ನೀರು ಹಾಕಿ ಬರುತ್ತಿದ್ದಾಳೆ.