ಸುಗಮಾರೋಹಣ ಪಥದ ನಿತ್ಯ ತಾಲೀಮು

ನಮ್ಮ ಶಾಲೆಯ ಮುಂಬಾಗಿಲ ಪಕ್ಕದಲ್ಲಿ ಕಟ್ಟಲಾಗಿರುವ ಇಳಿಜಾರು ದಾರಿಯು ಎಲ್ಲ ವಿಧದಲ್ಲೂ ಪೂರ್ಣಗೊಂಡಿದ್ದು, ಆ ಕಾರಣದಿಂದಲೇ ಅದರ ಮೇಲೆ ಯಾರೂ ಓಡಾಡತಕ್ಕದ್ದಲ್ಲ. ಕಟ್ಟುವಾಗ ಓಡಾಡಬಹುದಿತ್ತು. ಮೇಸ್ತ್ರಿ ಓಡಾಡಿದ, ಸಿಮೆಂಟಿನ ಬಾಂಡಲಿ ಹೊತ್ತವರು ಓಡಾಡಿದರು. ಕೆಲಸ ಮುಗಿದ ಮೇಲೆ ಅದು ಇಲಾಖೆಯ ಆಸ್ತಿಯಾಯಿತು. ಅದಕ್ಕೆ ‘ಸುಗಮಾರೋಹಣ ಪಥ’ ಎಂಬ ಹೆಸರು ಬಂತು, ಕೆಳತುದಿಯಲ್ಲಿ ಅಡ್ಡಲಾಗಿ ಒಂದು ಕೆಂಪು ರಿಬ್ಬನ್ ಬಂತು. ಉದ್ಘಾಟನೆಯಾಗದ ಸೌಲಭ್ಯವನ್ನು ಬಳಸುವುದು ಸೌಲಭ್ಯಕ್ಕೆ ಮಾಡುವ ಅವಮಾನ ಎಂದು ನಿಯಮವಿದೆ.

ಪಥವನ್ನು ಕಟ್ಟಿಸಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿಗಾಗಿ. ಹುಟ್ಟಿದಾಗಿನಿಂದ ಅವಳ ಕಾಲುಗಳಲ್ಲಿ ಶಕ್ತಿಯಿಲ್ಲ; ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಕಾಲಿಗೆ ಸೇರಬೇಕಾಗಿದ್ದ ಶಕ್ತಿಯೆಲ್ಲ ನಾಲಿಗೆಗೆ ಹೋಗಿದೆ ಎಂದು ಅವಳ ತಾಯಿಯ ಅಭಿಪ್ರಾಯ. ಮನೆಯಲ್ಲಿ ಎಲ್ಲರೂ ಕರೆಯುವುದು ಚಿನಕುರಳಿ ಎಂದು. ತಂದೆ ದರ್ಜಿ. ಅವರು ಪ್ರತಿ ಬೆಳಿಗ್ಗೆ ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿ, ಮೇಲಿನ ಕಟ್ಟೆಯಲ್ಲಿ ಕೂರಿಸಿ, ಮತ್ತೆ ಕೆಳಗಿಳಿದು ಕುರ್ಚಿಯನ್ನು ಹೊತ್ತು ತರುತ್ತಿದ್ದರು. ಪಕ್ಕದಲ್ಲೇ ಪಥ ನುಣ್ಣಗೆ ಹೊಳೆಯುತ್ತಿತ್ತು.

“ಸಾರ್, ಆ ರಿಬ್ಬನ್ ಸ್ವಲ್ಪ ಎತ್ತಿ ಹಿಡಿದ್ರೆ ಸಾಕು, ಕೆಳಗಡೆಯಿಂದ ನುಸುಳಿಬಿಡ್ತಾಳೆ,” ಎಂದು ತಂದೆ ಕೇಳಿಕೊಂಡರು.

ಮುಖ್ಯೋಪಾಧ್ಯಾಯರಿಗೆ ನೋವಾಯಿತು. “ಏನ್ರೀ ಇದು, ನಿಮ್ಮ ಮಗಳು ಕಳ್ಳರ ಹಾಗೆ ನುಸುಳಬೇಕಾ? ಅವಳಿಗಾಗೇ ಕಟ್ಟಿರೋದು. ಮರ್ಯಾದೆಯಿಂದ ಹೋಗ್ಲಿ. ದೊಡ್ಡೋರು ಬರ್ತಾರೆ, ಕತ್ತರಿಸ್ತಾರೆ, ಆಮೇಲೆ ಹೋಗ್ಲಿ.”

“ದೊಡ್ಡೋರು ಯಾವಾಗ ಬರ್ತಾರೆ?”

“ಬಿಡುವಾದಾಗ.”

“ಅಷ್ಟರಲ್ಲಿ ನನ್ನ ಸೊಂಟ ಮುರಿಯುತ್ತೆ ಸಾರ್. ಇವಳು ಬೆಳೀತಾ ಇದಾಳೆ, ನಾನು ಬೆಳೀತಾ ಇಲ್ಲ.”

ಬೆನ್ನ ಮೇಲಿದ್ದ ಚಿನಕುರಳಿ, “ಹೊಟ್ಟೆ ಬೆಳೀತಿದೆಯಲ್ಲಪ್ಪಾ,” ಎಂದಳು.

ದೊಡ್ಡವರಿಗೆ ಬಿಡುವಾಗಲಿಲ್ಲ. ಬಿಸಿಲಿಗೆ ರಿಬ್ಬನ್ ಬೆಳ್ಳಗಾಯಿತು. ಜವಾನ ಅದನ್ನು ಬಿಚ್ಚಿ ಹೊಸದು ಕಟ್ಟಿದ. ನಿಯಮದಲ್ಲಿ ‘ಯಾವುದೇ ವ್ಯಕ್ತಿ’ ಎಂದಷ್ಟೇ ಇದ್ದುದರಿಂದ, ಬೀದಿಯ ನಾಯಿಯೊಂದು ಪಥದ ನಟ್ಟನಡುವೆ ಮಲಗಲು ಶುರುಮಾಡಿತು. ಅದರ ಮೇಲೆ ಕ್ರಮ ಕೈಗೊಳ್ಳಲು ಯಾರಿಗೂ ಅಧಿಕಾರವಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತಂದೆಯ ಸೊಂಟ ಹಿಡಿಯಿತು. ಮಗಳನ್ನು ಹೊತ್ತುಕೊಂಡೇ ಅವರು ನಡುಮೆಟ್ಟಿಲಿನಲ್ಲಿ ಕುಸಿದು ಕುಳಿತರು. ಮೇಲೆ ಹೋಗಲಾರರು, ಕೆಳಗೆ ಇಳಿಯಲಾರರು. ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಇಬ್ಬರನ್ನೂ ದಾಟಿಕೊಂಡು, “ನಮಸ್ತೆ ಅಂಕಲ್” ಎನ್ನುತ್ತ ಒಳಗೆ ಹೋದರು.

ಆಗ ಕಚೇರಿಯ ಗುಮಾಸ್ತರು ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಮುಖ್ಯೋಪಾಧ್ಯಾಯರ ಕಿವಿಯಲ್ಲಿ ಹೇಳಿದರು: “ಸಾರ್, ಬಳಸಬಾರದು ಅಂತಿದೆ. ತಾಲೀಮು ಮಾಡಬಾರದು ಅಂತ ಎಲ್ಲೂ ಇಲ್ಲ.”

ಸಮಾರಂಭದ ಪೂರ್ವಸಿದ್ಧತೆಯ ಜವಾಬ್ದಾರಿ ಶಾಲೆಯದೇ. ಉದ್ಘಾಟನೆಯ ದಿನ ಫಲಾನುಭವಿಯು ಪಥವನ್ನೇರಬೇಕು. ಏರಬೇಕಾದರೆ ಅಭ್ಯಾಸವಿರಬೇಕು. ಆದ್ದರಿಂದ ಅಂದೇ ತಾಲೀಮು ನಡೆಯಿತು. ಎಲ್ಲ ತರಗತಿಗಳು ಹೊರಗೆ ಬಂದು ಎರಡು ಸಾಲಾಗಿ ನಿಂತವು. ಇಬ್ಬರು ಮೇಷ್ಟ್ರು ಚಿನಕುರಳಿಯನ್ನು ಮೆಟ್ಟಿಲಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡವರ ಪಾತ್ರ ಜವಾನನಿಗೆ ಸಿಕ್ಕಿತು. ಅವನು ರಿಬ್ಬನ್ನಿನ ಗಂಟು ಬಿಚ್ಚಿ, ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದ. ನಾಯಿ ಒಂದು ಪಕ್ಕಕ್ಕೆ ಸರಿಯಿತು. ಚಿನಕುರಳಿ ತನ್ನ ಕೈಯಿಂದಲೇ ಗಾಲಿ ತಿರುಗಿಸುತ್ತ, ಯಾರ ಬೆನ್ನೂ ಇಲ್ಲದೆ, ಮೊಟ್ಟಮೊದಲ ಬಾರಿಗೆ ಶಾಲೆಯ ಬಾಗಿಲು ತಲುಪಿದಳು. ಶಾಲೆಗೆ ಶಾಲೆಯೇ ಚಪ್ಪಾಳೆ ತಟ್ಟಿತು. ಮೆಟ್ಟಿಲಿನ ಮೇಲೆ ಕುಳಿತೇ ಇದ್ದ ತಂದೆಯೂ ತಟ್ಟಿದರು.

ಜವಾನ ರಿಬ್ಬನ್ನನ್ನು ಮತ್ತೆ ಕಟ್ಟಿದ. ಮರುದಿನವೂ ತಾಲೀಮು ನಡೆಯಿತು. ಅದರ ಮರುದಿನವೂ. ಸಂಜೆ ಇಳಿಯುವುದಕ್ಕೆ ‘ಪ್ರತಿತಾಲೀಮು’ ಎಂದು ಹೆಸರಿಡಲಾಯಿತು. ತಂದೆಯ ಸೊಂಟ ನೆಟ್ಟಗಾಯಿತು.

ಜವಾನ ಪಾತ್ರದಲ್ಲಿ ಬಹಳ ಮುಳುಗಿದ. ಬರಬರುತ್ತ ತಡವಾಗಿ ಬರತೊಡಗಿದ. ಕೇಳಿದರೆ, “ಗಣ್ಯರು ಟೈಮಿಗೆ ಸರಿಯಾಗಿ ಬಂದ್ರೆ ಯಾರು ನಂಬ್ತಾರೆ ಸಾರ್?” ಎಂದ. ಹುಡುಗಿ ಮೇಲೆ ತಲುಪಿದಾಗ ಒಬ್ಬ ಶಿಕ್ಷಕರಾದರೂ ಕಣ್ಣೊರೆಸಿಕೊಳ್ಳುವುದು ಶೋಭೆ ಎಂದು ತೀರ್ಮಾನವಾಗಿ, ಆ ಕರ್ತವ್ಯವನ್ನು ಸರದಿಯ ಮೇಲೆ ಹಂಚಲಾಯಿತು. ಗಣಿತದ ಮೇಷ್ಟ್ರಿಗೆ ಕಣ್ಣೀರು ಬಾರದ ಕಾರಣ ಅವರಿಗೆ ಗಂಟಲು ಬಿಗಿದುಕೊಳ್ಳುವ ಕೆಲಸ ಕೊಟ್ಟರು.

ಇಷ್ಟೆಲ್ಲ ಸರಾಗವಾಗಿ ನಡೆಯುತ್ತಿರಲು, ಫಲಾನುಭವಿಯೇ ತಕರಾರು ತೆಗೆದಳು.

“ಅಪ್ಪಾ, ನಂಗೆ ಚಪ್ಪಾಳೆ ಬೇಡ.”

“ಯಾಕೇ? ಎಷ್ಟು ಪ್ರೀತಿಯಿಂದ ತಟ್ತಾರೆ.”

“ನಾನೇನು ಮಾಡ್ದೆ ಅಂತ? ಸ್ಕೂಲಿಗೆ ಬಂದೆ ಅಷ್ಟೇ. ನನ್ನ ಪಕ್ಕ ಕೂರೋಳೂ ಬರ್ತಾಳೆ. ಅವಳಿಗೆ ಯಾರು ತಟ್ತಾರೆ? ನಾನೂ ಅವಳ ಹಾಗೇ ಸುಮ್ನೆ ಬಂದು, ಸುಮ್ನೆ ಕೂರಬೇಕು. ಯಾರೂ ನೋಡಬಾರ್ದು.”

ತಂದೆ ಈ ಬೇಡಿಕೆಯನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟರು. ಚಪ್ಪಾಳೆಯಿಲ್ಲದೆ ಏರಿದರೆ ಅದು ತಾಲೀಮಾಗುವುದಿಲ್ಲ, ಬಳಕೆಯಾಗುತ್ತದೆ ಎಂದು ಅವರು ವಿವರಿಸಿದರು. ಬಳಕೆಯಾದರೆ ಪಥವನ್ನು ಮುಚ್ಚಬೇಕು. “ನೀವೇ ಹೇಳಿ, ಚಪ್ಪಾಳೆನಾ, ಸೊಂಟಾನಾ?” ಎಂದರು. ತಂದೆ ಸೊಂಟ ಮುಟ್ಟಿಕೊಂಡು ಹೊರಬಂದರು.

ಹುಡುಗಿ ತನಗೆ ತಿಳಿದ ಉಪಾಯ ಮಾಡಿದಳು. ಗಂಟೆ ಹೊಡೆದು ಎಲ್ಲರೂ ಒಳಗೆ ಹೋದ ಮೇಲೆ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡು ಬೇಕೆಂದೇ ತಡಮಾಡಿದಳು. ಬಂದು ನೋಡಿದರೆ ಇಡೀ ಶಾಲೆ ಬಿಸಿಲಿನಲ್ಲಿ ಸಾಲಾಗಿ ನಿಂತು ಕಾಯುತ್ತಿತ್ತು. ಎಂದಿಗಿಂತ ಜೋರಾಗಿ ತಟ್ಟಿದರು, ಕೈ ಬಿಸಿಯಾಗಿತ್ತು. ಅವಳಿಗೆ ಜ್ವರ ಬಂದ ದಿನ ತಾಲೀಮು ತಪ್ಪಬಾರದೆಂದು ವ್ಯಾಯಾಮದ ಮೇಷ್ಟ್ರು ಕಚೇರಿಯ ಉರುಳುವ ಕುರ್ಚಿಯಲ್ಲಿ ಕುಳಿತು ಪಥವೇರಿದರು. ಅರ್ಧಕ್ಕೆ ಕೈಸೋತು, ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿ ಗೇಟಿನಾಚೆ ಹೋದರು. ಆ ದಿನ ನಾಯಿ ಮೊದಲ ಸಲ ಎದ್ದು ನಿಂತಿತು. ಮಕ್ಕಳು ಅದಕ್ಕೂ ಚಪ್ಪಾಳೆ ತಟ್ಟಿದರು.

ತಾಲೀಮಿನ ಖ್ಯಾತಿ ಹಬ್ಬಿ, ಇಲಾಖೆಯಿಂದ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು. ದಪ್ಪ ಶರೀರ, ಏದುಸಿರು. ತಂದೆ ಗೇಟಿನಲ್ಲೇ ಕೈಮುಗಿದರು.

“ಸ್ವಾಮಿ, ನಿಮ್ಮ ಕೈಯಿಂದಾನೇ ಆ ರಿಬ್ಬನ್ ಕತ್ತರಿಸಿಬಿಡಿ. ಬೇಕಾದ್ರೆ ಕತ್ತರಿ ನಾನು ಕೊಡ್ತೀನಿ, ದರ್ಜಿ ನಾನು.”

“ಕತ್ತರಿಸೋ ಅಧಿಕಾರ ನನಗಿಲ್ಲಪ್ಪ,” ಎಂದರು ಅಧಿಕಾರಿ. “ನೋಡೋ ಅಧಿಕಾರ ಇದೆ.” ನಿಂತು ರಿಬ್ಬನ್ನನ್ನು ಚೆನ್ನಾಗಿ ನೋಡಿದರು.

ಆನಂತರ ಕೈಚೀಲ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಅಷ್ಟರಲ್ಲಿ ತಾಲೀಮು ಮುಗಿಸಿದ ಚಿನಕುರಳಿ ಮೇಲಿನ ಕಟ್ಟೆಯಲ್ಲಿ ಕೆಂಡದಂಥ ಮುಖ ಮಾಡಿಕೊಂಡು ಕುಳಿತಿದ್ದಳು. ಅಧಿಕಾರಿ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟದ್ದೇ, ಅವಳು ಚಪ್ಪಾಳೆ ತಟ್ಟಿದಳು.

“ಅಬ್ಬಬ್ಬಾ! ಒಬ್ರೇ ಹತ್ತುತಾ ಇದಾರೆ! ಯಾರೂ ಎತ್ತಿಕೊಂಡಿಲ್ಲ, ನೋಡ್ರೋ!”

“ಏ, ಸುಮ್ನಿರೇ,” ಎಂದರು ಕೆಳಗಿನಿಂದ ತಂದೆ.

“ಇನ್ನೊಂದು ಮೆಟ್ಟಿಲು! ಎಷ್ಟು ಧೈರ್ಯ! ನಿಮ್ಮಂಥವರನ್ನ ನೋಡಿದ್ರೆ ನಮಗೂ ಬದುಕಬೇಕು ಅನ್ಸುತ್ತೆ ಸಾರ್. ಬಂದೇ ಬಿಟ್ರು, ಬಂದೇ ಬಿಟ್ರು! ಮನೇಲಿ ಎಷ್ಟು ಹೆಮ್ಮೆಪಡ್ತಾರೋ!”

ಮುಖ್ಯೋಪಾಧ್ಯಾಯರ ಮುಖದ ಬಣ್ಣವೇ ಇಳಿಯಿತು. ಗುಮಾಸ್ತರು ಕಂಬದ ಹಿಂದೆ ಸರಿದರು. ಇವು ಬೆಳಗಿನ ತಾಲೀಮಿನಲ್ಲಿ ಅವಳಿಗೆ ದಿನವೂ ಹೇಳುತ್ತಿದ್ದ ಮಾತುಗಳೇ ಆದ್ದರಿಂದ ತಪ್ಪೆನ್ನುವಂತೆಯೂ ಇರಲಿಲ್ಲ.

ಅಧಿಕಾರಿ ಮೇಲೆ ಬಂದು, ಕೈಚೀಲ ಕೆಳಗಿಟ್ಟರು. ಆಮೇಲೆ ಕರವಸ್ತ್ರ ತೆಗೆದರು. “ಇಷ್ಟು ವರ್ಷದಿಂದ ಮೆಟ್ಟಿಲು ಹತ್ತುತಾ ಇದೀನಿ,” ಎಂದರು. “ಯಾರೂ, ಒಬ್ಬರೂ, ಹೀಗೆ ಹೇಳಿರಲಿಲ್ಲ ಮಗಳೇ.” ಅವರು ನಿಜವಾಗಿಯೇ ಅತ್ತರು. ಅಂದಿನ ಸರದಿ ಚಿತ್ರಕಲೆಯ ಮೇಡಂ ಅವರದಾಗಿತ್ತು. ತಮ್ಮ ಪಾಳಿಯನ್ನು ಅವರು ದೊಡ್ಡಮನಸ್ಸಿನಿಂದ ಬಿಟ್ಟುಕೊಟ್ಟರು.

ಒಂದು ವಾರದೊಳಗೆ ಆದೇಶ ಬಂತು. ಶಾಲೆಯನ್ನು ಯಾವ ಮಾರ್ಗದಿಂದಲಾದರೂ ಪ್ರವೇಶಿಸುವ ಪ್ರತಿಯೊಬ್ಬರಿಗೂ, ವಯಸ್ಸು, ಹುದ್ದೆ ಮತ್ತು ಕಾಲುಗಳ ಭೇದವೆಣಿಸದೆ, ಚಪ್ಪಾಳೆ ತಟ್ಟತಕ್ಕದ್ದು.

ಆದೇಶವನ್ನು ಕೂಡಲೇ ಜಾರಿಗೊಳಿಸಲಾಯಿತು. ಮೊದಲು ಬಂದವರು ಆಮೇಲೆ ಬಂದವರಿಗೆ ತಟ್ಟುವುದು, ಅವರು ಅವರ ನಂತರದವರಿಗೆ. ಮೊದಲ ಪೀರಿಯಡ್ಡು ಇದರಲ್ಲೇ ಕಳೆಯುತ್ತಿದ್ದುದರಿಂದ ಗಣಿತವನ್ನು ಕೈಬಿಡಲಾಯಿತು. ಯಾರೂ ಆಕ್ಷೇಪಿಸಲಿಲ್ಲ; ಗಣಿತದ ಮೇಷ್ಟ್ರಿಗೆ ತಟ್ಟಿದ ದಿನ ಅವರ ಗಂಟಲು ತಾನಾಗಿಯೇ ಬಿಗಿದುಕೊಂಡಿತ್ತು. ಅಂಚೆಯವನು ಒಂದೇ ಕಾಗದವನ್ನು ಮೂರು ಸಲ ತಂದುಕೊಡತೊಡಗಿದ. ಮುಖ್ಯೋಪಾಧ್ಯಾಯರು ಆಗಾಗ ಹೊರಗೆ ಹೋಗಿ ಒಳಗೆ ಬರುವ ಅಭ್ಯಾಸ ಮಾಡಿಕೊಂಡರು. ತಮ್ಮ ಮಗನಿಗೆ ಹಿಂದಿನ ದಿನ ಚಪ್ಪಾಳೆ ಸ್ವಲ್ಪ ಕಡಿಮೆ ಬಿತ್ತೆಂದು ಒಬ್ಬ ತಾಯಿ ಜಗಳವಾಡಿದ್ದನ್ನು ಬಿಟ್ಟರೆ ಎಲ್ಲವೂ ಶಾಂತವಾಗಿದೆ.

ಆ ಗದ್ದಲದ ನಡುವೆ ಒಂದು ಸೋಮವಾರ ಚಿನಕುರಳಿ ಗೇಟಿಗೆ ಬಂದಾಗ ಗಂಟೆ ಹೊಡೆದಾಗಿತ್ತು. ಮನೆಯಲ್ಲಿ ಒಂದು ಕಾಲುಚೀಲ ಸಿಕ್ಕಿರಲಿಲ್ಲ. ಈ ಸಲ ಅವಳು ಬೇಕೆಂದು ತಡಮಾಡಿದ್ದಲ್ಲ. ಅಂಗಳದಲ್ಲಿ ಇನ್ನೂ ಉಳಿದಿದ್ದವರೆಲ್ಲ ಬೆನ್ನು ತಿರುಗಿಸಿ ನಿಂತಿದ್ದರು. ನಲ್ಲಿ ರಿಪೇರಿಯವನು ಬಂದಿದ್ದ, ಅವನಿಗೆ ತಟ್ಟುತ್ತಿದ್ದರು. ಗಂಟು ಬಿಚ್ಚಿದ್ದ ಜವಾನನೂ ಅತ್ತಲೇ ನೋಡುತ್ತಿದ್ದ. ಅವಳು ಗಾಲಿ ತಿರುಗಿಸುತ್ತ ಪಥವೇರಿದಳು, ನಾಯಿಯನ್ನು ಬಳಸಿಕೊಂಡು ಹೋದಳು, ಬಾಗಿಲು ದಾಟಿದಳು, ಮೊಗಸಾಲೆ ದಾಟಿದಳು. ಒಬ್ಬರೂ ತಿರುಗಿ ನೋಡಲಿಲ್ಲ.

ಅವಳ ತರಗತಿ ತನ್ನ ಪಾಲಿನ ಚಪ್ಪಾಳೆ ಮುಗಿಸಿ ಒಳಗೆ ಬಂದಾಗಿತ್ತು; ಮೇಡಂ ಆಗಲೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಗಾಲಿಯ ಸದ್ದಿಗೆ ತಲೆಯೆತ್ತಿ, ಕನ್ನಡಕದ ಮೇಲಿಂದ ನೋಡಿ ಗದರಿದರು:

“ಏನಮ್ಮಾ, ಇದು ಬರೋ ಹೊತ್ತಾ? ನಿನಗೊಬ್ಬಳಿಗೆ ಬೇರೆ ಗಡಿಯಾರ ಇದೆಯಾ? ಹೋಗು, ಕೂತ್ಕೋ. ನಾಳೆಯಿಂದ ಹೀಗಾದ್ರೆ ನೋಡು ಮತ್ತೆ.”

“ಸಾರಿ ಮೇಡಂ,” ಎಂದು ಅವಳು ತನ್ನ ಜಾಗಕ್ಕೆ ಹೋದಳು. ಪಕ್ಕದವಳು ಅಡ್ಡವಿದ್ದ ಚೀಲವನ್ನು ಸರಿಸಿದಳು.

ಸಂಜೆ ಮನೆಯಲ್ಲಿ ಅವಳು ಆ ಬೈಗುಳವನ್ನು ಮೇಡಂ ಧ್ವನಿಯಲ್ಲೇ, ಒಂದಕ್ಷರ ಬಿಡದೆ ಹೇಳಿ ತೋರಿಸಿದಳು. ತಾಯಿ ಇನ್ನೊಮ್ಮೆ ಹೇಳಿಸಿದರು. ತಂದೆ ಹೊಲಿಗೆಯಂತ್ರ ನಿಲ್ಲಿಸಿ, “ನಿಜವಾಗ್ಲೂ ಬೈದ್ರಾ?” ಎಂದು ಕೇಳಿದರು.

“ನಿಜವಾಗ್ಲೂ ಅಪ್ಪಾ. ಚೆನ್ನಾಗಿ ಬೈದ್ರು.”