ಹಕಾರ ಬಿಟ್ಟ ಕುದುರೆ

ಕನ್ನಡ ಪಂಡಿತ ವಿಶ್ವಾರಾಧ್ಯರ ಹೊಟ್ಟೆಯಲ್ಲಿ ಎರಡು ವರ್ಷದಿಂದ ಉರಿಯುತ್ತಿದ್ದ ಕಿಚ್ಚಿಗೆ ಕಾರಣ ಒಂದೇ ಒಂದು ಅಕ್ಷರ. ಅದು ಹಕಾರ. ಹಾಕಬೇಕಾದ ಜಾಗದಲ್ಲಿ ಅದನ್ನು ಅವರು ಹಾಕಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಚಂದ್ರಾ ಲೇಔಟಿನ ಮನೆಯಿಂದ ಬಸವೇಶ್ವರನಗರದ ತಮ್ಮ ಹೈಸ್ಕೂಲಿಗೆ ಸ್ಕೂಟರಿನಲ್ಲಿ ಹೊರಟವರ ಮುಂದೆ ಒಂದು ಆಟೋ ಹೋಗುತ್ತಿತ್ತು. ಅದರ ಬೆನ್ನ ಮೇಲೆ ಬೆಂಕಿಯ ಜೂಲಿನ ಕುದುರೆ, ಕೆಳಗೆ ದಪ್ಪಕ್ಷರದಲ್ಲಿ ‘ಆರುವ ಕುದುರೆ, ನಾಳೆಯಿಂದ’. ಪಂಡಿತರು ರೇಗಿ ಆಟೋವನ್ನು ಹಿಂದೆ ಹಾಕಿದರು. ಅದರ ಮುಂದಿನ ಆಟೋದ ಮೇಲೂ ಅದೇ ಕುದುರೆ. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ನಿಂತರೆ ಎಡಕ್ಕೆ ಬಸ್ಸಿನ ಮೇಲೊಂದು ಕುದುರೆ, ಬಲಕ್ಕೆ ಗೋಡೆಯ ಮೇಲೆ ಸಾಲಾಗಿ ಆರೇಳು. ಪೋಸ್ಟರಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ‘ಕಾದಂಬರಿ: ಕೋಕಿಲಾ’ ಎಂದಿತ್ತು. ಕನ್ನಡಕವಿಲ್ಲದೆ ಪಂಚಾಂಗ ನೋಡಲಾಗದ ಪಂಡಿತರಿಗೆ ಆ ಹೆಸರು ಮಾತ್ರ ಅರ್ಧ ಫರ್ಲಾಂಗಿನಿಂದಲೇ ಕಣ್ಣಿಗೆ ಚುಚ್ಚುತ್ತಿತ್ತು.

ಕೋಕಿಲಾ ಅದೇ ಶಾಲೆಯ ಟೀಚರು. ಕನ್ನಡದ ಟೀಚರಾಗಿದ್ದರೆ ಪಂಡಿತರು ಹೇಗೋ ನುಂಗಿಕೊಳ್ಳುತ್ತಿದ್ದರು. ಆಕೆ ಗಣಿತದವರು! ಇಪ್ಪತ್ತೆಂಟು ವರ್ಷ ಛಂದಸ್ಸು ಕಲಿಸಿ, ‘ಭಸ್ಮಮಹಿಮಾದರ್ಪಣ’ ಎಂಬ ಖಂಡಕಾವ್ಯ ಬರೆದು, ಅಚ್ಚು ಹಾಕಿಸಿ, ಪ್ರತಿಗಳನ್ನೆಲ್ಲ ಅಟ್ಟದ ಮೇಲೆ ಪೇರಿಸಿಟ್ಟವರು ಇವರು. ಆಕೆಯೋ ಕೆಂಗೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹದಿಹರೆಯದ ಮಕ್ಕಳಿಗೆಂದು ಫೋನಿಗೆ ಬಾಯಲ್ಲೇ ಕತೆ ಹೇಳಿ, ಅದರ ಕೈಯಲ್ಲೇ ಟೈಪು ಮಾಡಿಸಿದವರು. ಕೊನೆಗೆ ಸಿನಿಮಾ ಆದದ್ದು ಆ ಬಸ್ಸಿನ ಕತೆ.

ಎರಡು ವರ್ಷದ ಹಿಂದೆ ಆಕೆ ಅಚ್ಚಿನ ಕರಡು ತಂದು, “ಸಾರ್, ನನ್ನ ಕಾಗುಣಿತ ನಿಮಗೇ ಗೊತ್ತಲ್ಲ, ಸ್ವಲ್ಪ ತಿದ್ದಿಕೊಡಿ” ಎಂದಿದ್ದರು. ಪಂಡಿತರು ಕೆಂಪು ಪೆನ್ನು ಹಿಡಿದು ಪುಟಪುಟವನ್ನೂ ತಿದ್ದಿದರು. ಆದರೆ ಕತೆಯ ‘ಹಾರುವ ಕುದುರೆ’ ಎಲ್ಲ ಕಡೆಯೂ ‘ಆರುವ ಕುದುರೆ’ ಆಗಿತ್ತು. ಹಕಾರವನ್ನು ಆಕೆಯ ನಾಲಗೆ ನುಂಗಿತ್ತೋ, ಫೋನಿನ ಕಿವಿ ನುಂಗಿತ್ತೋ, ಪುಸ್ತಕದ ಹೆಸರಿನಲ್ಲೂ ಹಾಗೇ ಇತ್ತು. ಪಂಡಿತರ ಪೆನ್ನು ಅಲ್ಲಿ ನಿಂತಿತು. ಹೀಗೇ ಅಚ್ಚಾಗಲಿ, ಮಾನ ಹೋಗಲಿ ಎಂದು ಅದೊಂದನ್ನು ಮುಟ್ಟದೆ ಬಿಟ್ಟರು. ಕರಡು ಪ್ರೆಸ್ಸಿನಿಂದ ವಾಪಸು ಬಂದಾಗ ತಮ್ಮ ಸಂತೋಷಕ್ಕೆ ಅಂಚಿನಲ್ಲಿ ಮೂರು ಪದ ಗೀಚಿ ಅಟ್ಟಕ್ಕೆ ಎಸೆದರು.

ಮಾನ ಹೋಗಲಿಲ್ಲ. ಮುಖಪುಟದ ಚಿತ್ರಕಾರ ಆ ಹೆಸರನ್ನು ಇದ್ದ ಹಾಗೇ ನಂಬಿ, ದೀಪದ ಹಾಗೆ ಆರಿಹೋಗುತ್ತಿರುವ ಕುದುರೆಯನ್ನು ಬರೆದ. ಚಿತ್ರ ನೋಡಿದ ಕೋಕಿಲಾ ಅಚ್ಚಾಗುವ ಮೊದಲೇ ಕೂತು ಕತೆಯನ್ನೇ ಬದಲಿಸಿದರು: ಸುಳ್ಳು ಕೇಳಿದರೆ ಆರಿಹೋಗುವ, ನಿಜ ಹೇಳಿದರೆ ಮತ್ತೆ ಹತ್ತಿಕೊಳ್ಳುವ ಕುದುರೆ. ಹಾರುವ ಕುದುರೆ ನೋಡಿ ನೋಡಿ ಬೇಜಾರಾಗಿದ್ದ ಮಕ್ಕಳು ಆರುವ ಕುದುರೆಗೆ ಮುಗಿಬಿದ್ದರು. ಹಿಂದೆಯೇ ಸಿನಿಮಾದವರು ಬಂದರು. ಕುದುರೆ ಆರುತ್ತಿತ್ತು, ಹತ್ತುತ್ತಿತ್ತು; ಪಂಡಿತರ ಹೊಟ್ಟೆಯ ಕಿಚ್ಚು ಮಾತ್ರ ಒಂದು ದಿನವೂ ಆರಲಿಲ್ಲ.

ಸ್ಟಾಫ್ ರೂಮಿಗೆ ಕಾಲಿಟ್ಟೊಡನೆ ಹೆಡ್‌ಮಾಸ್ಟರ್ ಗಂಗಾಧರಯ್ಯ ಹಿಡಿದುಕೊಂಡರು.

“ಪಂಡಿತ್ರೇ, ಮೂರು ಗಂಟೆಗೆ ಕೋಕಿಲಾ ಮೇಡಂಗೆ ಸನ್ಮಾನ. ಅಭಿನಂದನೆ ಮಾತು ನಿಮ್ದು. ಕನ್ನಡಕ್ಕೆ ಈ ಸ್ಕೂಲಲ್ಲಿ ನಿಮ್ಮನ್ನ ಬಿಟ್ರೆ ಯಾರಿದಾರೆ?”

“ಈಗ ಗಣಿತದೋರು ಇದಾರಲ್ಲ ಸಾರ್.”

ಪಿ.ಟಿ. ಮೇಷ್ಟ್ರು ಕಿಟ್ಟಿ ಮೂಗರಳಿಸಿದ. “ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲ! ಪಂಡಿತ್ರೇ, ನಿಮ್ ಕಡೆಯಿಂದಲೇ ಬರ್ತಾ ಇರೋ ಹಾಗಿದೆ.”

ಎಲ್ಲರೂ ನಕ್ಕರು. ಕೋಕಿಲಾ ಮಾತ್ರ ನಗದೆ, “ಸುಮ್ನಿರಿ ಕಿಟ್ಟಿ ಸಾರ್. ಪಂಡಿತ್ರು ಇಲ್ಲದಿದ್ರೆ ನನ್ನ ಪುಸ್ತಕ ಎಲ್ಲಿತ್ತು?” ಎಂದರು. ಬೈದಿದ್ದರೆ ಪಂಡಿತರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಷಟ್ಪದಿ ಶುರು ಮಾಡಿದರೆ ಹಿಂದಿನ ಬೆಂಚುಗಳಲ್ಲಿ ತಲೆಗೆ ಕಟ್ಟಿಕೊಳ್ಳಲು ಕೆಂಪು ಕಾಗದದ ಜೂಲು ಅಂಟಿಸುವ ಕೆಲಸ ನಡೆದಿತ್ತು. ಮರುದಿನ ಇಡೀ ಶಾಲೆಗೆ ಬೆಳಗಿನ ಶೋ ಕಾದಿರಿಸಲಾಗಿತ್ತು. ಮುಂದಿನ ಬೆಂಚಿನ ಸಿಂಚನಾ ಎದ್ದು ನಿಂತಳು.

“ಸಾರ್, ‘ಆರುವ’ ಅನ್ನೋದು ಕೃದಂತನಾ ಸಾರ್? ಎಷ್ಟು ಚೆನ್ನಾಗಿದೆ ಸಾರ್ ಪದ!”

ಅದು ಆ ವರ್ಷ ಮಕ್ಕಳು ತಾವಾಗಿ ಕೇಳಿದ ಮೊದಲ ವ್ಯಾಕರಣದ ಪ್ರಶ್ನೆ. ಅದೂ ಆಕೆಯ ತಪ್ಪಿನ ಮೇಲೆ! ಪಂಡಿತರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಇವತ್ತು ವೇದಿಕೆಯ ಮೇಲೇ ಕುದುರೆಯ ಜನ್ಮಜಾತಕ ಬಿಚ್ಚುತ್ತೇನೆ ಎಂದು ಅವರು ಅಲ್ಲೇ ನಿಶ್ಚಯಿಸಿದರು. ಸಾಕ್ಷಿ ಅಟ್ಟದ ಮೇಲಿತ್ತು.

ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದರೆ ಹೆಂಡತಿ ಜಯದೇವಿ, ಪಕ್ಕದ ಮನೆಯ ಅಂಜನಮ್ಮನವರ ಜೊತೆ ಕಾಂಪೌಂಡಿನಲ್ಲೇ ನಿಂತಿದ್ದರು.

“ಬಂದ್ರಾ? ಕೋಕಿಲಾ ಮೇಡಂ ಹತ್ರ ನಮಗೂ ಪಾಸ್ ಕೇಳಿ ಅಂತ ಹೇಳಿದ್ನಲ್ಲ, ಕೇಳಿದ್ರಾ?”

“ನನಗೂ ಒಂದು ಮೇಷ್ಟ್ರೇ,” ಎಂದರು ಅಂಜನಮ್ಮ. “ಅಂಥ ಬರಹಗಾರರ ಜೊತೆ ಕೆಲಸ ಮಾಡೋಕೂ ಪುಣ್ಯ ಬೇಕು.”

ಪಂಡಿತರು ನೇರ ಒಳಗೆ ಹೋಗಿ ಸ್ಟೂಲು ಹತ್ತಿದರು. ಕರಡಿನ ಕಟ್ಟು ‘ಭಸ್ಮಮಹಿಮಾದರ್ಪಣ’ದ ಗಂಟುಗಳ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದರು, ಬರಲಿಲ್ಲ. ಜೋರಾಗಿ ಎಳೆದರು. ಕರಡು ಬಂತು, ಜೊತೆಗೆ ಖಂಡಕಾವ್ಯವೂ ಬಂತು. ಒಬ್ಬ ಓದುಗನನ್ನೂ ತಟ್ಟದಿದ್ದ ಆ ಕೃತಿ ಅಂದು ತನ್ನ ಕವಿಯನ್ನೇ ಚೆನ್ನಾಗಿ ತಟ್ಟಿತು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತು.

ಶಾಲೆಗೆ ಮರಳಿದಾಗ ಸಭೆ ಶುರುವಾಗಿತ್ತು. “ಏನ್ ಪಂಡಿತ್ರೇ, ಕುದುರೆ ಒದೀತಾ?” ಎಂದು ಕಿಟ್ಟಿ ಕಿವಿಯಲ್ಲಿ ಉಸುರಿದ. ಪಂಡಿತರು ತಿರುಗಿಯೂ ನೋಡದೆ ಮೈಕಿನ ಮುಂದೆ ನಿಂತು ಕರಡನ್ನು ಎತ್ತಿ ಹಿಡಿದರು.

“ಮಕ್ಕಳೇ, ನೀವೆಲ್ಲ ಕೊಂಡಾಡುವ ಈ ಕುದುರೆ ಕಲ್ಪನೆಯಲ್ಲ. ತಪ್ಪು! ಕಾಗುಣಿತದ ತಪ್ಪು! ‘ಹಾರುವ’ ಎಂದು ಬರೆಯಲು ಬಾರದೆ ಹುಟ್ಟಿದ ಕುದುರೆ ಇದು!”

ಗಂಗಾಧರಯ್ಯನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಎರಡು ವರ್ಷದ ನಂತರ ಮೊದಲ ಸಲ ಪಂಡಿತರ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಕೋಕಿಲಾ ಎದ್ದು ಬಂದು ಇನ್ನೊಂದು ಮೈಕು ಹಿಡಿದರು.

“ಅಬ್ಬಾ, ನೀವೇ ಹೇಳಿಬಿಟ್ರಿ ಸಾರ್! ಇದನ್ನ ಹೇಗೆ ಹೇಳೋದು ಅಂತ ನಾನೇ ಒದ್ದಾಡ್ತಾ ಇದ್ದೆ. ಹೌದು ಮಕ್ಕಳೇ, ನಾನು ಹೇಳಿದ್ದು ಹಾರೋ ಕುದುರೆನೇ. ‘ಹ’ ಬಿದ್ದುಹೋಗಿತ್ತು. ಆದ್ರೆ ಒಂದು ಕೊಂಬು, ಒಂದು ದೀರ್ಘ ಬಿಡದೆ ತಿದ್ದಿದ ಪಂಡಿತ್ರ ಕಣ್ಣಿಗೆ ಇಷ್ಟು ದೊಡ್ಡ ತಪ್ಪು ಕಾಣದೆ ಇರುತ್ತಾ? ಅವರು ಬೇಕು ಅಂತಲೇ ಬಿಟ್ಟಿದ್ರು. ಅದು ನನಗೆ ಆಗಲೇ ಗೊತ್ತಾಯ್ತು.”

ಪಂಡಿತರು ಮೈಕು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

“ಆ ತಪ್ಪಲ್ಲೇ ಕವಿತೆ ಇದೆ ಅಂತ ಅವರಿಗೆ ಹೊಳೆದಿತ್ತು. ಕವಿಗಳು ಅಲ್ವಾ!”

ಗಂಗಾಧರಯ್ಯ ಕರಡನ್ನು ಕಸಿದುಕೊಂಡು ಕನ್ನಡಕ ಏರಿಸಿದರು. ಆಗ ಅಂಚಿನ ಮೂರು ಪದ ನೆನಪಾಗಿ ಪಂಡಿತರು ಕೈ ಚಾಚಿದರು. ತಡವಾಗಿತ್ತು. ಹೆಡ್‌ಮಾಸ್ಟರರ ದನಿ ಮೈಕಿನಲ್ಲಿ ಮೊಳಗಿತು:

“ಇಲ್ಲೇ ಬರೆದಿದಾರೆ ನೋಡ್ರಪ್ಪಾ! ‘ತಿದ್ದಬಾರದು. ಊರೆಲ್ಲ ನಗಲಿ!’ ಆಹಾ! ಊರೆಲ್ಲ ನಗ್ತಾ ಇರ್ಲಿ ಅಂತ ಎಂಥಾ ಆಶೀರ್ವಾದ!”

ಕೋಕಿಲಾ ಕಣ್ಣೊರೆಸಿಕೊಂಡು ಪಂಡಿತರ ಕಾಲು ಮುಟ್ಟಿದರು. ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಅವರ ಹೆಗಲಿಗೆ ಹಾಕಿದರು. ಕೆಂಪು ಜೂಲಿನ ನಾನೂರು ಮಕ್ಕಳು ಚಪ್ಪಾಳೆ ತಟ್ಟಿದರು. ನಿಜ ಬೇರೆಯೇ ಇದೆ ಎಂದು ಹೇಳಲು ಪಂಡಿತರು ಬಾಯಿ ತೆರೆದರು. ಅದು ಇದಕ್ಕಿಂತ ನಾಚಿಕೆಗೇಡು ಎಂದು ಹೊಳೆದು ಮುಚ್ಚಿದರು.

“ಇನ್ನೊಂದು ವಿಷಯ,” ಎಂದು ಕೋಕಿಲಾ ಮೇಜಿನ ಕೆಳಗಿಂದ ದಿಂಬಿನಷ್ಟು ದಪ್ಪದ ಕಟ್ಟನ್ನು ಎತ್ತಿ ಅವರ ಎರಡೂ ಕೈಗಳ ಮೇಲಿಟ್ಟರು. “ಎರಡನೇ ಭಾಗ ಸಾರ್. ಸಿನಿಮಾದೋರು ಸೋಮವಾರ ಬೆಳಿಗ್ಗೆನೇ ಬೇಕು ಅಂತಿದಾರೆ. ಯಾವ ತಪ್ಪು ತಿದ್ದಬೇಕು, ಯಾವ ತಪ್ಪು ಬಿಡಬೇಕು, ನಿಮಗಲ್ಲದೆ ಇನ್ಯಾರಿಗೂ ತಿಳಿಯಲ್ಲ.”

“ನಾಳೆ ನಾವೆಲ್ಲ ಸಿನಿಮಾಕ್ಕೆ ಹೋಗ್ತೀವಿ, ಪಂಡಿತ್ರು ಮನೇಲಿ ಕೂತು ತಿದ್ದಲಿ,” ಎಂದು ಗಂಗಾಧರಯ್ಯ ಅಲ್ಲೇ ಅಪ್ಪಣೆ ಕೊಟ್ಟರು. “ಅವರ ಪಾಸು ಮನೆಯೋರಿಗೆ ಹೋಗ್ಲಿ.”

ಸಂಜೆ ಪಂಡಿತರು ಹಣೆಗೆ ಅರಿಶಿನ ಹಚ್ಚಿಕೊಂಡು ಮೇಜಿನ ಮುಂದೆ ಕೂತು ಕಟ್ಟು ಬಿಚ್ಚಿದರು. ಮೊದಲ ಪುಟದ ಮೊದಲ ಸಾಲು: ‘ರಾಜಕುಮಾರಿ ಅಕ್ಕಿಯ ಬೆನ್ನೇರಿ ಆಕಾಶಕ್ಕೆ ಹೊರಟಳು.’

ಅದು ಹಕ್ಕಿ. ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಅವರು ಕೆಂಪು ಪೆನ್ನನ್ನು ಅಕಾರದ ಮೇಲೆ ತಂದರು. ತಿದ್ದಿದರೆ ಪುಸ್ತಕ ಶುದ್ಧವಾಗಿ ಆಕೆಗೆ ಒಳ್ಳೆಯ ಹೆಸರು. ತಿದ್ದದಿದ್ದರೆ ಬರುವ ವರ್ಷ ಆಟೋಗಳ ಬೆನ್ನ ಮೇಲೆಲ್ಲ ಅಕ್ಕಿ. ಪೆನ್ನು ಗಾಳಿಯಲ್ಲೇ ನಿಂತಿತು.

ಪಾಸನ್ನು ಸೆರಗಿಗೆ ಕಟ್ಟಿಕೊಂಡಿದ್ದ ಜಯದೇವಿ ಕಾಫಿ ತಂದಿಟ್ಟು, ಹೆಗಲ ಮೇಲಿಂದ ಬಗ್ಗಿ ಆ ಸಾಲನ್ನು ಓದಿದರು.

“ಅಯ್ಯೋ, ಅಕ್ಕಿ ಮೇಲೆ ಸವಾರಿನಾ! ಎಂಥಾ ಚೆಂದ ಬರೀತಾರೆ ರೀ ಆಯಮ್ಮ! ಅದನ್ನ ಮಾತ್ರ ಮುಟ್ಬೇಡಿ ಮತ್ತೆ!”