ಉದ್ಘಾಟನೆಯಾಗದ ಫ್ರಿಜ್ಜಿನಲ್ಲಿ ರಕ್ತ ಹೆಚ್ಚಿಸುವ ಚುಚ್ಚುಮದ್ದು ಇರಿಸಿದ ಬಗ್ಗೆ

ಸಂಖ್ಯೆ: ಫ್ರಿಜ್/ರಿಬ್ಬನ್/ಬಾಕಿ/2012-13

ವಿಷಯ: ಡಯಾಲಿಸಿಸ್ ರೋಗಿಗಳ ರಕ್ತಹೀನತೆಗೆ ನೀಡುವ ಹಾರ್ಮೋನ್ ಚುಚ್ಚುಮದ್ದಿನ ಉಪಯೋಗ, ಅಪಾಯ ಮತ್ತು ಅಲುಗಾಟ.

ಉಲ್ಲೇಖ: ಶುಶ್ರೂಷಕಿ ಲಕ್ಷ್ಮೀದೇವಮ್ಮನವರು ಕತ್ತರಿಯಿಂದ ಎಸಗಿದ ಕೃತ್ಯ.

ಮೂತ್ರಪಿಂಡ ಸೋತವರಲ್ಲಿ ರಕ್ತ ಹುಟ್ಟಿಸುವ ಹಾರ್ಮೋನ್ ಸಾಲದಾಗುವುದರಿಂದ, ಅದನ್ನು ಕೃತಕವಾಗಿ ತಯಾರಿಸಿ ಚುಚ್ಚಲಾಗುತ್ತದೆ. ಸದರಿ ಔಷಧವನ್ನು ತಂಪಿನಲ್ಲಿಡಬೇಕು, ಮಂಜುಗಡ್ಡೆಯಾಗಿಸಬಾರದು, ಕುಲುಕಬಾರದು. ಇದಕ್ಕೆಂದೇ ಆಸ್ಪತ್ರೆಗೆ ಬಂದ ಫ್ರಿಜ್ಜಿಗೆ ರಿಬ್ಬನ್ ಕಟ್ಟಲಾಗಿದ್ದು, ಉದ್ಘಾಟಕರು ದೇವನಹಳ್ಳಿಯಲ್ಲಿ ವಿಮಾನ ಇಳಿದು ಪ್ರತಿ ಸಲವೂ ಇತ್ತ ಬಾರದೆ ಬೆಂಗಳೂರಿನತ್ತಲೇ ತಿರುಗುತ್ತಿರುವುದರಿಂದ ಅದು ಖಾಲಿ ಇರಬೇಕಾಗಿರುತ್ತದೆ. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಸೂಚಿಸಲಾಗುವುದೇನೆಂದರೆ:

1. ಉದ್ಘಾಟನೆಯವರೆಗೆ ರೋಗಿಗಳು ಆಸ್ಪತ್ರೆ ಕೊಟ್ಟ ಔಷಧವನ್ನು ತಮ್ಮೂರಿನ ಹಾಲಿನ ಡೇರಿಯಲ್ಲಿ ತಣ್ಣಗಿರಿಸಿ, ಚುಚ್ಚುವ ದಿನ ತರತಕ್ಕದ್ದು. ಡೇರಿಯವರು ಅದರ ಫ್ಯಾಟ್ ಅಳೆಯತಕ್ಕದ್ದಲ್ಲ.

2. ಮಧುರೆ ಗ್ರಾಮದ ರಾಮಾಂಜಿನಪ್ಪನವರು ತಮ್ಮ ಪತ್ನಿ ಮುತ್ತಮ್ಮನವರ ಔಷಧವನ್ನು, ಕುರಿಗಳ ಲಸಿಕೆಯ ಅಭ್ಯಾಸಬಲದಿಂದ ಚೆನ್ನಾಗಿ ಕುಲುಕಿ ಎರಡು ಬಾರಿ ಕೆಡಿಸಿರುತ್ತಾರೆ. "ಕುಲುಕ್ದಿದ್ರೆ ಮದ್ದು ತಳದಾಗೇ ಕೂತ್ಕಂಬುಡ್ತದೆ ಸಾರ್" ಎಂಬ ಅವರ ಸಮಜಾಯಿಷಿಯನ್ನು ಪಶುವೈದ್ಯ ಶಾಖೆಗೆ ವರ್ಗಾಯಿಸಲಾಗಿದೆ.

3. ಬಸ್ಸಿನಲ್ಲಿ ಬರುವಾಗ ರಸ್ತೆ ಉಬ್ಬುಗಳಲ್ಲಿ ಔಷಧವನ್ನು ಅಲುಗದಂತೆ ಹಿಡಿಯತಕ್ಕದ್ದು. ರೋಗಿ ಅಲುಗುವುದಕ್ಕೆ ಆಕ್ಷೇಪಣೆ ಇರುವುದಿಲ್ಲ.

4. ಈ ಔಷಧದಿಂದ ರಕ್ತದೊತ್ತಡ ಏರಬಹುದಾದ್ದರಿಂದ, ರೋಗಿಗಳಿಗೆ ಈ ಸುತ್ತೋಲೆಯನ್ನು ಓದಿ ಹೇಳತಕ್ಕದ್ದಲ್ಲ. ಹಿಮೋಗ್ಲೋಬಿನ್ ಅತಿಯಾಗಿ ಏರಿಸಿದರೆ ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಹೊಡೆಯುವ ಅಪಾಯವಿದೆ. ಅತಿಯಾಗಿ ಇಳಿದರೂ ಅಪಾಯವಿದೆ. ಅದು ಬೇರೆ ಶಾಖೆಗೆ ಸೇರಿದ್ದು.

5. ಮುತ್ತಮ್ಮನವರ ಹಿಮೋಗ್ಲೋಬಿನ್ ಆರಕ್ಕಿಳಿದು, ಹೊಸ್ತಿಲು ದಾಟಲೂ ಏದುಸಿರು ಬಿಡುತ್ತಿದ್ದರೆಂಬ ಒಂದೇ ಕಾರಣಕ್ಕೆ ಲಕ್ಷ್ಮೀದೇವಮ್ಮನವರು, "ಅವ್ರು ಬರೋಗಂಟ ಈಯಮ್ಮ ಇರ್ಬೇಕಲ್ಲ" ಎಂದು ರಿಬ್ಬನ್ ಕತ್ತರಿಸಿ, ಔಷಧವನ್ನು ಫ್ರಿಜ್ಜಿನಲ್ಲಿಟ್ಟು, ತಾವೇ ಚುಚ್ಚುತ್ತಾ ಬಂದಿರುತ್ತಾರೆ. ಕಬ್ಬಿಣಾಂಶವನ್ನೂ ಕೊಟ್ಟಿರುತ್ತಾರೆ. ಪರಿಣಾಮವಾಗಿ ಹಿಮೋಗ್ಲೋಬಿನ್ ಹತ್ತಕ್ಕೆ ಏರಿದ್ದು, ಉದ್ಘಾಟನೆಗೆ ಮುಂಚಿನ ಈ ಏರಿಕೆಯನ್ನು ಅಸಿಂಧು ಎಂದು ಪರಿಗಣಿಸಲಾಗಿದೆ. ಹೆಚ್ಚುವರಿ ನಾಲ್ಕನ್ನು ಮುತ್ತಮ್ಮನವರು ಖುದ್ದಾಗಿ ಹಿಂದಿರುಗಿಸತಕ್ಕದ್ದು.

(ಸಹಿ ಅಸ್ಪಷ್ಟ)
ಪ್ರಭಾರ ಅಧಿಕಾರಿ
ಉದ್ಘಾಟನಾಪೂರ್ವ ವಸ್ತುಗಳ ಶಾಖೆ

ಪ್ರತಿಗಳು:
ಡೇರಿ ಕಾರ್ಯದರ್ಶಿಯವರಿಗೆ, ಹಾಲಿನಷ್ಟೇ ಗಮನ ಕೊಡಲು.
ಲಕ್ಷ್ಮೀದೇವಮ್ಮನವರಿಗೆ, ಹೊಸ ರಿಬ್ಬನ್ ಕಟ್ಟಿ ಕತ್ತರಿ ಒಪ್ಪಿಸಲು.
ಮುತ್ತಮ್ಮನವರಿಗೆ: ನೋಟಿಸು ಒಯ್ದಾಗಲೆಲ್ಲ ಮನೆಯಲ್ಲಿ ಸಿಗದಿರುವುದರಿಂದ, ಅವರು ಹೂ ಬಿಡಿಸುತ್ತಿರುವ ಸೇವಂತಿಗೆ ತೋಟದಲ್ಲೇ ಜಾರಿಗೊಳಿಸುವುದು.